ಬೇರೆ ಬಗೆಯ ಮಕ್ಕಳೂ ದುಡಿಯುವವರ ಮನೆಯೂ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಗಲ್ಲೆ ಮುಚ್ಚಿ, ಭಟ್ಟಿ ಆರಿಸಿ, ಪಾಳಿ ಮುಗಿಸಿ, ಮೈಚಾಚಿ ಮಲಗಬೇಕಾದ ಹೊತ್ತಿನಲ್ಲಿ ತಾವೆಲ್ಲರೂ ಇಲ್ಲಿ ಬಂದು ಕುಳಿತಿದ್ದೀರಿ. ಆದುದರಿಂದ ಪೀಠಿಕೆಯನ್ನು ಬೆಳೆಸದೆ ವಿಷಯಕ್ಕೆ ಬರುತ್ತೇವೆ. ಈ ಸಭೆ ಸಾಮಾನ್ಯವಾಗಿ ಸೇರುವುದು ಪಗಾರ, ಬೋನಸ್ಸು, ಪ್ರಾವಿಡೆಂಟ್ ಫಂಡು, ರಜೆ ಇವುಗಳ ಮಾತಿಗಾಗಿ. ಇಂದು ಮಾತ್ರ ಮನೆಯೊಳಗಿನ ಒಂದು ಸಂಗತಿಯನ್ನು ಕುರಿತು ಮಾತನಾಡಬೇಕೆಂದು ಕಾರ್ಯದರ್ಶಿಗಳು ನಮ್ಮನ್ನು ಕೇಳಿಕೊಂಡರು. ಅದು ಮಕ್ಕಳ ಮಾತು; ಅದರಲ್ಲಿಯೂ ಉಳಿದ ಮಕ್ಕಳಂತೆ ಇಲ್ಲದ ಮಕ್ಕಳ ಮಾತು.

ಇದು ಸಂಘದ ವಿಷಯವೇ ಎಂದು ಯಾರಾದರೂ ಕೇಳಬಹುದು. ಸಂಘದ ವಿಷಯವೇ ಹೌದು ಎನ್ನುತ್ತೇವೆ. ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ವಾರಕ್ಕೊಂದು ದಿನ ರಜೆ ಬೇಕಾದ ಕೆಲಸಗಾರನ ಪಗಾರ ಕಡಿತವಾಗುತ್ತದೆ. ರಾತ್ರಿಯೆಲ್ಲ ನಿದ್ದೆಯಿಲ್ಲದ ಮಗುವಿನ ತಂದೆ ಬೆಳಗಿನ ಐದು ಗಂಟೆಗೆ ಇಡ್ಲಿಯ ಹಂಡೆಯ ಮುಂದೆ ನಿಲ್ಲಬೇಕಾಗುತ್ತದೆ. ನಾಲ್ಕು ಮನೆಯ ಕೆಲಸ ಮಾಡಿ ಸಂಸಾರ ತೂಗಿಸುತ್ತಿದ್ದ ತಾಯಿ ಆ ಕೆಲಸವನ್ನು ಬಿಟ್ಟು ಮಗುವಿನ ಕಾವಲಿಗೆ ಕುಳಿತುಕೊಳ್ಳುತ್ತಾಳೆ. ಹೀಗೆ ಒಂದು ಮಗುವಿನ ಪ್ರಶ್ನೆ ಇಡೀ ಮನೆಯ ದುಡಿಮೆಯ ಪ್ರಶ್ನೆಯಾಗುತ್ತದೆ.

ಯಾರು ಈ ಮಕ್ಕಳು?

ನಮ್ಮ ಯಾವುದಾದರೂ ಒಂದು ಚಾಳನ್ನು ತೆಗೆದುಕೊಳ್ಳೋಣ. ಮೊದಲ ಖೋಲಿಯಲ್ಲಿ ಮೂರು ವರ್ಷದ ಮಗುವಿದೆ ಎಂದು ಇಟ್ಟುಕೊಳ್ಳಿ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ಡಬ್ಬಿಗಳ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತ ಗಂಟೆಗಟ್ಟಲೆ ಕೂರುತ್ತದೆ. ಕುಕ್ಕರಿನ ಸೀಟಿ ಕೂಗಿದರೆ ಕಿವಿ ಮುಚ್ಚಿಕೊಂಡು ಚೀರುತ್ತದೆ. ನಡುವಿನ ಖೋಲಿಯಲ್ಲಿ ಎಂಟು ವರ್ಷದ ಹುಡುಗನಿದ್ದಾನೆ. ಕುಳಿತಲ್ಲಿ ಕೂರುವುದಿಲ್ಲ, ಅಂಗಡಿಗೆ ಕಳಿಸಿದರೆ ಅರ್ಧ ದಾರಿಯಲ್ಲಿ ಏಕೆ ಹೊರಟೆನೆಂಬುದನ್ನೇ ಮರೆಯುತ್ತಾನೆ, ಪಾಟಿ, ಪೆನ್ಸಿಲು, ಚಪ್ಪಲಿ ವಾರಕ್ಕೊಂದು ಕಳೆದು ಬರುತ್ತಾನೆ. ಕೊನೆಯ ಖೋಲಿಯ ಹುಡುಗಿಗೆ ಹತ್ತು ವರ್ಷ. ಬಾಯಿಲೆಕ್ಕದಲ್ಲಿ ಚುರುಕು, ಕಥೆ ಹೇಳುವುದರಲ್ಲಿ ಜಾಣೆ. ಪುಸ್ತಕ ತೆರೆದರೆ ಮಾತ್ರ ಅಕ್ಷರಗಳು ಅವಳಿಗೆ ಒಲಿಯುವುದಿಲ್ಲ.

ಮೊದಲನೆಯದನ್ನು ವೈದ್ಯರು ಆಟಿಸಂ ಎನ್ನಬಹುದು, ಎರಡನೆಯದನ್ನು ಎ.ಡಿ.ಎಚ್.ಡಿ. ಎನ್ನಬಹುದು, ಮೂರನೆಯದನ್ನು ಡಿಸ್ಲೆಕ್ಸಿಯಾ ಎನ್ನಬಹುದು. ಈ ಎಲ್ಲವನ್ನೂ ಸೇರಿಸಿ ಇತ್ತೀಚೆಗೆ ನರವೈವಿಧ್ಯ ಎಂಬ ಹೆಸರು ಬಳಕೆಗೆ ಬಂದಿದೆ. ಮನುಷ್ಯರ ಮೈಕಟ್ಟು ಬೇರೆ ಬೇರೆಯಾಗಿರುವಂತೆ ಮೆದುಳು ಕೆಲಸ ಮಾಡುವ ರೀತಿಯೂ ಬೇರೆ ಬೇರೆಯಾಗಿರುತ್ತದೆ ಎಂಬುದು ಅದರ ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಅಂದರೆ ಇದು ಎಲ್ಲೋ ಲಕ್ಷಕ್ಕೊಬ್ಬರಿಗೆ ಬರುವ ಅಪರೂಪದ ಸಂಗತಿಯಲ್ಲ. ದೊಡ್ಡ ಚಾಳೊಂದರಲ್ಲಿ, ದೊಡ್ಡ ಕಟ್ಟಡವೊಂದರಲ್ಲಿ ಅಂಥ ಒಬ್ಬರಾದರೂ ಇದ್ದೇ ಇರುತ್ತಾರೆ.

ಇದನ್ನು ಬಣ್ಣ ಕಟ್ಟಿ ಹೇಳುವುದು ನಮಗೆ ಬೇಕಿಲ್ಲ. ಕೆಲವು ಮಕ್ಕಳು ಸ್ವಲ್ಪ ಆಸರೆ ಸಿಕ್ಕರೆ ಓದಿ, ಕೆಲಸ ಹಿಡಿದು, ತಮ್ಮ ಕಾಲ ಮೇಲೆ ನಿಲ್ಲುತ್ತಾರೆ. ಕೆಲವು ಮಕ್ಕಳು ಮಾತನ್ನೇ ಆಡದೆ ಇರಬಹುದು. ಊಟ, ಸ್ನಾನ, ಬಟ್ಟೆ ಎಲ್ಲಕ್ಕೂ ಜೀವಮಾನವಿಡೀ ಇನ್ನೊಬ್ಬರ ಕೈ ಬೇಕಾಗಬಹುದು. ಎರಡು ಬಗೆಯ ಮಕ್ಕಳೂ ನಮ್ಮವರೇ. ಮೊದಲನೆಯವರ ಕಥೆಯನ್ನು ಮಾತ್ರ ಹೇಳಿ ಎರಡನೆಯವರ ತಾಯಿಯನ್ನು ಸುಮ್ಮನಿರಿಸುವುದು ನ್ಯಾಯವಲ್ಲ.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಬೇಕು. ಊರಿನಲ್ಲಿ ಶಾಲೆಯ ಓದು ತಲೆಗೆ ಹತ್ತದ ಹುಡುಗರನ್ನು ದಡ್ಡರೆಂದು ಕರೆದು ಮುಂಬಯಿಯ ಹೋಟೆಲುಗಳಿಗೆ ಮಾಣಿಗಳಾಗಿ ಕಳುಹಿಸುತ್ತಿದ್ದ ಕಾಲವೊಂದಿತ್ತು. ಬಡತನ ಅದಕ್ಕೆ ಮುಖ್ಯ ಕಾರಣ. ಅದು ಎಲ್ಲರಿಗೂ ತಿಳಿದದ್ದೇ. ಆದರೆ ಹಾಗೆ ಬಂದವರಲ್ಲಿ ಕೆಲವರು ಹತ್ತು ಮೇಜುಗಳ ಆರ್ಡರನ್ನು ಬರೆದುಕೊಳ್ಳದೆ ನೆನಪಿನಲ್ಲಿಟ್ಟು, ಬಿಲ್ಲನ್ನು ಬಾಯಲ್ಲೇ ಕೂಡಿ ಹೇಳಬಲ್ಲವರಾದರು. ಅಂಥವರು ದಡ್ಡರಾಗಿರಲು ಸಾಧ್ಯವೇ? ಅವರಲ್ಲಿ ಎಷ್ಟೋ ಜನರಿಗೆ ಓದು ಹತ್ತದಿದ್ದುದಕ್ಕೆ ಬೇರೆ ಕಾರಣವಿದ್ದೀತು ಎಂದು ಇಂದು ನಾವು ಯೋಚಿಸಬಹುದು.

ತಪ್ಪು ಯಾರದು?

ಮಗು ಬೇರೆ ಬಗೆಯದೆಂದು ತಿಳಿದೊಡನೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಇದು. ಉತ್ತರ ಸಾಮಾನ್ಯವಾಗಿ ತಾಯಿಯ ಮೇಲೆಯೇ ಬಂದು ಬೀಳುತ್ತದೆ. ಬಸುರಿಯಲ್ಲಿ ಗ್ರಹಣ ನೋಡಿದಳು, ಮಗುವಿನ ಕೈಗೆ ಮೊಬೈಲು ಕೊಟ್ಟಳು, ಅವಳ ತವರಿನ ದೋಷ, ಪೂರ್ವಜನ್ಮದ ಕರ್ಮ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಇಂಥ ಮಾತನ್ನು ಆಡಿದವರು ನಮ್ಮ ಊರಿನ ಅಜ್ಜಿಯಂದಿರು ಮಾತ್ರ ಎಂದು ತಿಳಿಯಬೇಡಿ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳನ್ನು ಪರೀಕ್ಷಿಸಿ ಆಟಿಸಂ ಕುರಿತು ಬರೆದರು. ಅದಾದ ಮೇಲೆ ಅನೇಕ ವರ್ಷಗಳ ಕಾಲ ಪಶ್ಚಿಮದ ಪಂಡಿತರೇ, ತಾಯಿಯ ಪ್ರೀತಿ ತಣ್ಣಗಾದುದರಿಂದ ಮಗು ಹೀಗಾಯಿತೆಂದು ಹೇಳುತ್ತ ಬಂದರು. ಬ್ರೂನೊ ಬೆಟಲ್‌ಹೈಮ್ ಎಂಬವರು 1967ರಲ್ಲಿ ಈ ವಾದವನ್ನು ದೊಡ್ಡ ಪುಸ್ತಕವನ್ನಾಗಿಯೇ ಹೊರತಂದರು. ಸಾವಿರಾರು ತಾಯಂದಿರು ಆ ಮಾತನ್ನು ನಂಬಿ ಕಣ್ಣೀರಿಟ್ಟರು. ಆದರೆ ಅದಕ್ಕೂ ಮೊದಲೇ, 1964ರಲ್ಲಿ, ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಇದು ಮೆದುಳಿನ ಬೆಳವಣಿಗೆಗೆ ಸಂಬಂಧಪಟ್ಟದ್ದು, ತಾಯಿಯ ನಡತೆಗೆ ಸಂಬಂಧಪಟ್ಟದ್ದಲ್ಲ ಎಂದು ವಾದಿಸಿದ್ದರು. ಅವರ ಮಗನಿಗೂ ಆಟಿಸಂ ಇತ್ತು. ಮುಂದೆ ವಿಜ್ಞಾನ ನಿಂತದ್ದು ಅವರ ಕಡೆಗೇ. ಹುಟ್ಟಿಗೆ ಮೊದಲೇ ಆರಂಭವಾಗುವ ಮೆದುಳಿನ ಬೆಳವಣಿಗೆಯಲ್ಲಿ ಇದರ ಬೇರಿದೆ, ವಂಶವಾಹಿಗಳ ಪಾತ್ರ ದೊಡ್ಡದು ಎಂದು ಇಂದು ತಿಳಿದಿದೆ.

ಲಸಿಕೆಯಿಂದ ಆಟಿಸಂ ಬರುತ್ತದೆಂಬ ಸುದ್ದಿಯೂ ಆಗಾಗ ಮೊಬೈಲಿನಲ್ಲಿ ಬರುತ್ತಿರುತ್ತದೆ. ಇದಕ್ಕೆ ಮೂಲವಾದ ಲೇಖನ 1998ರಲ್ಲಿ ಲಂಡನ್ನಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದರಲ್ಲಿ ಮೋಸವಿದೆಯೆಂದು ಬಯಲಾಗಿ 2010ರಲ್ಲಿ ಆ ಪತ್ರಿಕೆಯೇ ಲೇಖನವನ್ನು ಹಿಂತೆಗೆದುಕೊಂಡಿತು. ಲಸಿಕೆಯನ್ನು ತಪ್ಪಿಸಿದರೆ ಆಟಿಸಂ ತಪ್ಪುವುದಿಲ್ಲ. ದಡಾರದಂಥ ರೋಗ ಮಾತ್ರ ಬಂದೀತು.

ಹರಕೆ ಹೊರುವುದು, ದೈವಕ್ಕೆ ನಡೆದುಕೊಳ್ಳುವುದು ಅವರವರ ನಂಬಿಕೆಗೆ ಬಿಟ್ಟದ್ದು. ಅದಕ್ಕೆ ನಾವು ಅಡ್ಡ ಬರುವುದಿಲ್ಲ. ಹರಕೆಯ ಫಲಕ್ಕಾಗಿ ಎರಡು ವರ್ಷ ಕಾದು ಆಸ್ಪತ್ರೆಯ ದಾರಿಯನ್ನು ಮರೆಯಬೇಡಿ ಎಂಬುದೊಂದೇ ನಮ್ಮ ವಿನಂತಿ. ಹಾಗೆಯೇ, ಪೂರ್ತಿ ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಟ್ಟು ಲಕ್ಷಗಟ್ಟಲೆ ಕೇಳುವವರ ಬಗೆಗೆ ಎಚ್ಚರವಿರಲಿ. ಆಟಿಸಂ ಅನ್ನು ಅಳಿಸಿಹಾಕುವ ಮಾತ್ರೆಯಾಗಲಿ ಸೂಜಿಯಾಗಲಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಆಟಿಸಂಗೆ ಶಿಫಾರಸು ಮಾಡಲಾಗದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲಿಯೇ ಹೇಳಿದೆ. ಊರಿನ ಗದ್ದೆ ಮಾರಿ, ಹೆಂಡತಿಯ ಕರಿಮಣಿಯ ಚಿನ್ನ ಒತ್ತೆಯಿಟ್ಟು ಅಂಥಲ್ಲಿಗೆ ಓಡುವ ಮುನ್ನ ಸರಕಾರಿ ಆಸ್ಪತ್ರೆಯ ವೈದ್ಯರನ್ನು ಒಂದು ಮಾತು ಕೇಳಿ. ಎ.ಡಿ.ಎಚ್.ಡಿ.ಗೆ ಕೆಲವು ಮಕ್ಕಳಲ್ಲಿ ಔಷಧದಿಂದ ಒಳ್ಳೆಯ ಪ್ರಯೋಜನವಾಗುತ್ತದೆ. ಅದನ್ನೂ ವೈದ್ಯರೇ ನೋಡಿ ಕೊಡಬೇಕು.

ಹಟವೋ, ಸಂಕಟವೋ?

ನಮ್ಮಲ್ಲಿ ಅತಿ ಹೆಚ್ಚು ಅನ್ಯಾಯವಾಗುವುದು ಈ ಒಂದು ವಿಷಯದಲ್ಲಿ. ಮಗು ಸಂತೆಯಲ್ಲಿ, ರೈಲಿನಲ್ಲಿ, ಮದುವೆಯ ಮಂಟಪದಲ್ಲಿ ನೆಲಕ್ಕೆ ಬಿದ್ದು ಹೊರಳಾಡಿ ಕಿರುಚುತ್ತದೆ. ಸುತ್ತಲಿನವರು, ಎರಡು ಬಾರಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ತಂದೆಗೆ ನಾಚಿಕೆಯಾಗುತ್ತದೆ, ಕೈ ಮೇಲೇಳುತ್ತದೆ.

ಹೋಟೆಲಿನವರಿಗೆ ಇದನ್ನು ಹೇಳುವುದು ಸುಲಭ. ಮಧ್ಯಾಹ್ನದ ಊಟದ ಗದ್ದಲವನ್ನು ನೆನೆದುಕೊಳ್ಳಿ. ಹದಿನೈದು ಮೇಜು ತುಂಬಿವೆ. ಒಂದು ಕಡೆ ರುಬ್ಬುವ ಯಂತ್ರ, ಇನ್ನೊಂದು ಕಡೆ ತಟ್ಟೆಗಳ ಸದ್ದು, ಭಟ್ಟಿಯ ಕಾವು, ಗಲ್ಲೆಯಿಂದ ಮಾಲೀಕರ ಕೂಗು, ಗಿರಾಕಿಯ ಬೈಗಳು ಎಲ್ಲವೂ ಒಟ್ಟಿಗೆ. ಹತ್ತು ವರ್ಷ ಪಳಗಿದ ಸಪ್ಲೈಯರನೂ ಒಂದು ಗಳಿಗೆ ತಲೆ ಹಿಡಿದುಕೊಂಡು ನಿಲ್ಲುತ್ತಾನೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಸಾಮಾನ್ಯ ಬೀದಿಯೇ ಆ ಮಧ್ಯಾಹ್ನದ ಅಡುಗೆಮನೆಯಂತಿರುತ್ತದೆ. ಸದ್ದು, ಬೆಳಕು, ವಾಸನೆ, ಅಂಗಿಯ ಹಿಂದಿನ ಚೀಟಿ ಚುಚ್ಚುವುದು ಇವೆಲ್ಲ ಅವರಿಗೆ ಹಲವು ಪಟ್ಟು ಜೋರಾಗಿ ಬಂದು ಬಡಿಯುತ್ತವೆ. ತಾಳುವ ಶಕ್ತಿ ಮುಗಿದಾಗ ಕಟ್ಟೆ ಒಡೆಯುತ್ತದೆ. ಚಾಕಲೇಟಿಗಾಗಿ ಹಟ ಮಾಡುವ ಮಗು ಚಾಕಲೇಟು ಸಿಕ್ಕೊಡನೆ ಸುಮ್ಮನಾಗುತ್ತದೆ. ಈ ಮಗು ಏನು ಕೊಟ್ಟರೂ ಸುಮ್ಮನಾಗಲಾರದು, ಏಕೆಂದರೆ ನಿಲ್ಲಿಸುವುದು ಅದರ ಕೈಯಲ್ಲಿಲ್ಲ.

ಗಿರಣಿಯವರಿಗೂ ಒಂದು ಮಾತು. ಮಗ್ಗದಲ್ಲಿ ನೂಲು ಕಡಿದರೆ ಕೆಲಸಗಾರನು ಮಗ್ಗಕ್ಕೆ ಹೊಡೆಯುತ್ತಾನೆಯೇ? ಮಗ್ಗವನ್ನು ನಿಲ್ಲಿಸುತ್ತಾನೆ, ಕಡಿದ ಎಳೆಯನ್ನು ಹುಡುಕುತ್ತಾನೆ, ಗಂಟು ಹಾಕಿ ಮತ್ತೆ ನಡೆಸುತ್ತಾನೆ. ಮಗುವಿನ ವಿಷಯದಲ್ಲಿಯೂ ಕ್ರಮ ಅದೇ. ಆ ಗಳಿಗೆಯಲ್ಲಿ ಮಾತು ಕಡಿಮೆ ಮಾಡಿ, ಸದ್ದು ಬೆಳಕುಗಳಿಂದ ದೂರ ಕರೆದೊಯ್ದು, ಪೆಟ್ಟಾಗದಂತೆ ನೋಡಿಕೊಂಡು, ಸುಮ್ಮನೆ ಪಕ್ಕದಲ್ಲಿರಬೇಕು. ಶಾಂತವಾದ ಮೇಲೆ, ಯಾವುದು ಹೆಚ್ಚಾಯಿತು ಎಂದು ತಂದೆತಾಯಿ ಯೋಚಿಸಬೇಕು. ಹಸಿವೇ, ನಿದ್ದೆಗೇಡೇ, ಜನಜಂಗುಳಿಯೇ, ಹೇಳಲು ಬಾರದ ಹೊಟ್ಟೆನೋವೇ? ನಾಲ್ಕು ಸಲ ಬರೆದಿಟ್ಟುಕೊಂಡರೆ ಐದನೆಯ ಸಲ ಮೊದಲೇ ತಿಳಿಯುತ್ತದೆ. ಪೆಟ್ಟು ತಿಂದ ಮಗು ಕಲಿಯುವುದು ಹೆದರಿಕೆಯನ್ನು, ಮಾತನ್ನಲ್ಲ, ಓದನ್ನಲ್ಲ.

ದಿನನಿತ್ಯದ ಬಾಳಿನಲ್ಲಿ ಕೆಲವು ಸಣ್ಣ ಉಪಾಯಗಳು ದೊಡ್ಡ ಉಪಕಾರ ಮಾಡುತ್ತವೆ. ಮುಂದೇನು ಎಂಬುದು ತಿಳಿದಿದ್ದರೆ ಈ ಮಕ್ಕಳಿಗೆ ನೆಮ್ಮದಿ. ಏಳುವುದು, ಹಲ್ಲುಜ್ಜುವುದು, ಸ್ನಾನ, ತಿಂಡಿ, ಶಾಲೆ ಎಂದು ಒಂದೊಂದಕ್ಕೂ ಒಂದು ಚಿತ್ರ ಬರೆದು ಅಥವಾ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿ ಗೋಡೆಗೆ ಸಾಲಾಗಿ ಅಂಟಿಸಬಹುದು, ಇದಕ್ಕೆ ಖರ್ಚಿಲ್ಲ. ಒಂದು ಸಲಕ್ಕೆ ಒಂದೇ ಕೆಲಸ ಹೇಳಬೇಕು, ಮಾಡಿದೊಡನೆ ಮೆಚ್ಚಬೇಕು. ಮಾತು ಬಾರದ ಮಗುವಿಗೆ ಚಿತ್ರ ತೋರಿಸಿ ಕೇಳುವುದನ್ನು ಕಲಿಸಿದರೆ ಮಾತು ನಿಂತುಹೋಗುತ್ತದೆಂಬ ಭಯ ಬೇಡ. ಅದರಿಂದ ಮಾತಿಗೆ ಅಡ್ಡಿಯಾಗುವುದಿಲ್ಲ. ಮನೆಬಿಟ್ಟು ಹೊರಟುಬಿಡುವ ಮಗುವಿನ ಅಂಗಿಯ ಒಳಗೆ ತಂದೆಯ ಫೋನ್ ನಂಬರು ಹೊಲಿದಿಡಬೇಕು. ಈ ನಗರದ ಜನಸಾಗರದಲ್ಲಿ, ರೈಲು ಹಳಿಗಳ ಪಕ್ಕದ ವಸತಿಗಳಲ್ಲಿ, ಇದು ಜೀವ ಉಳಿಸುವ ಮಾತು.

ತಾಯ್ನುಡಿಯನ್ನು ಬಿಡಬೇಕೇ?

ಪರನಾಡಿನಲ್ಲಿರುವ ನಮ್ಮಂಥವರಿಗೆ ಮಾತ್ರ ಬರುವ ತೊಡಕೊಂದಿದೆ. ಮನೆಯಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ; ಓಣಿಯಲ್ಲಿ ಮರಾಠಿ; ಪೇಟೆಯಲ್ಲಿ ಹಿಂದಿ; ಶಾಲೆಯಲ್ಲಿ ಇಂಗ್ಲಿಷು. ಮಗು ಮಾತನಾಡಲು ತಡಮಾಡಿದರೆ, ಭಾಷೆ ಹೆಚ್ಚಾಯಿತು, ಮನೆಯ ಭಾಷೆಯನ್ನು ನಿಲ್ಲಿಸಿ, ಒಂದೇ ಭಾಷೆ ಮಾತನಾಡಿ ಎಂದು ಸಲಹೆ ಕೊಡುವವರು ಅನೇಕರು. ತಾಯಿ ತನಗೆ ಸರಿಯಾಗಿ ಬಾರದ ಇಂಗ್ಲಿಷಿನ ನಾಲ್ಕು ಶಬ್ದಗಳಿಗೆ ಇಳಿಯುತ್ತಾಳೆ. ಜೋಗುಳ ನಿಲ್ಲುತ್ತದೆ, ಅಜ್ಜಿಯ ಫೋನು ನಿಲ್ಲುತ್ತದೆ, ಮನೆಯಲ್ಲಿ ಮಾತೇ ಕಡಿಮೆಯಾಗುತ್ತದೆ.

ಎರಡು ಭಾಷೆ ಕೇಳಿ ಬೆಳೆದುದರಿಂದ ಆಟಿಸಂ ಬರುವುದಿಲ್ಲ. ಆಟಿಸಂ ಇರುವ ಮಕ್ಕಳಲ್ಲಿಯೂ ಎರಡು ಭಾಷೆಯ ಮನೆಯವರು ಒಂದೇ ಭಾಷೆಯ ಮನೆಯವರಿಗಿಂತ ಹಿಂದೆ ಬೀಳುವುದಿಲ್ಲವೆಂದು ಹಲವು ದೇಶಗಳಲ್ಲಿ ನಡೆದ ಸಂಶೋಧನೆಗಳು ತೋರಿಸಿವೆ. ಮಗುವಿಗೆ ಬೇಕಾದುದು ನಿರರ್ಗಳವಾಗಿ, ಪ್ರೀತಿಯಿಂದ ಹರಿದು ಬರುವ ಮಾತು. ಅದು ತಾಯಿಗೆ ಬರುವುದು ಅವಳ ಭಾಷೆಯಲ್ಲಿಯೇ. ಆದುದರಿಂದ ಕನ್ನಡದ ತಾಯಿ ಕನ್ನಡದಲ್ಲಿ, ತುಳುವಿನ ತಾಯಿ ತುಳುವಿನಲ್ಲಿ ಮಾತನಾಡಲಿ. ಶಾಲೆಯ ಭಾಷೆಯನ್ನು ಶಾಲೆ ಕಲಿಸುತ್ತದೆ.

ಕಷ್ಟಕಾಲದಲ್ಲಿ

ದುಡಿಯುವವರ ಬಾಳಿನಲ್ಲಿ ಕಷ್ಟಕಾಲ ಹೊಸತಲ್ಲ. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳಲ್ಲಿ ಮುಷ್ಕರ ಆರಂಭವಾದಾಗ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಎಷ್ಟೋ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. 2020ರ ಮಾರ್ಚ್ 25ರಿಂದ ದೇಶಕ್ಕೆಲ್ಲ ಬೀಗ ಬಿದ್ದಾಗ ಹೋಟೆಲುಗಳ ಒಲೆ ಆರಿತು, ಲೋಕಲ್ ರೈಲು ನಿಂತಿತು, ಪಗಾರ ನಿಂತಿತು. ಹತ್ತು ಅಡಿಯ ಖೋಲಿಯಲ್ಲಿ ಇಡೀ ಸಂಸಾರ ಹಗಲಿರುಳು ಕಳೆಯಬೇಕಾಯಿತು.

ಆ ದಿನಗಳಲ್ಲಿ ಈ ಮಕ್ಕಳಿಗೆ ಏನಾಯಿತೆಂದು ಯಾರೂ ಹೆಚ್ಚಾಗಿ ಕೇಳಲಿಲ್ಲ. ಶಾಲೆ ಏಕೆ ಇಲ್ಲ, ಸಂಜೆ ತೋಟಕ್ಕೆ ಏಕೆ ಹೋಗುವಂತಿಲ್ಲ, ತಂದೆ ಏಕೆ ಮನೆಯಲ್ಲಿಯೇ ಕುಳಿತಿದ್ದಾರೆ, ಎಲ್ಲರ ಮುಖಕ್ಕೂ ಏಕೆ ಬಟ್ಟೆ ಎಂಬುದು ಅವರಿಗೆ ಅರ್ಥವಾಗುವಂತಿರಲಿಲ್ಲ. ದಿನಚರಿಯನ್ನೇ ಊರುಗೋಲು ಮಾಡಿಕೊಂಡ ಮಗುವಿನ ಕೈಯಿಂದ ಊರುಗೋಲು ಜಾರಿತು. ಕಲಿತ ಮಾತು ಮರೆತ ಮಕ್ಕಳು, ರಾತ್ರಿಯ ನಿದ್ದೆ ಕಳೆದುಕೊಂಡ ಮಕ್ಕಳು, ತಮ್ಮ ಕೈಯನ್ನು ತಾವೇ ಕಚ್ಚಿಕೊಳ್ಳತೊಡಗಿದ ಮಕ್ಕಳು ಮನೆಮನೆಗಳಲ್ಲಿದ್ದರು. ಮುಷ್ಕರ, ಕೆಲಸ ಹೋಗುವುದು, ಕಾಯಿಲೆ, ಮನೆ ಬದಲಿಸುವುದು, ಅಜ್ಜನ ಸಾವು ಇವೆಲ್ಲ ಇದೇ ಬಗೆಯವು. ದೊಡ್ಡವರ ಕಷ್ಟ ಮಗುವಿಗೆ ಎರಡು ಪಟ್ಟಾಗಿ ತಟ್ಟುತ್ತದೆ.

ಇಂಥ ಹೊತ್ತಿನಲ್ಲಿ ಏನು ಮಾಡಬಹುದು? ಎಲ್ಲವೂ ಕುಸಿದಾಗಲೂ ಮೂರನ್ನು ಹಿಡಿದಿಟ್ಟುಕೊಳ್ಳಿ: ಏಳುವ ಹೊತ್ತು, ಉಣ್ಣುವ ಹೊತ್ತು, ಮಲಗುವ ಹೊತ್ತು. ಬರಿಯ ಗಂಜಿಯೇ ಆದರೂ ಅದೇ ತಟ್ಟೆಯಲ್ಲಿ, ಅದೇ ಮೂಲೆಯಲ್ಲಿ, ಅದೇ ಹೊತ್ತಿಗೆ ಬರಲಿ. ಆಗುತ್ತಿರುವುದನ್ನು ಮಗುವಿನಿಂದ ಮುಚ್ಚಿಡದೆ ಎರಡು ಸರಳ ಮಾತಿನಲ್ಲಿ ಹೇಳಿ: "ಅಪ್ಪನಿಗೆ ಈಗ ಕೆಲಸ ಇಲ್ಲ. ನಾವು ಎಲ್ಲರೂ ಇಲ್ಲೇ ಇರ್ತೇವೆ." ಮಗುವಿಗೆ ಅರ್ಥವಾಗುವುದಿಲ್ಲವೆಂದು ತಿಳಿಯಬೇಡಿ. ಮಾತನಾಡದ ಮಗು ಕೇಳುವುದಿಲ್ಲವೆಂದಲ್ಲ. ಕಷ್ಟದ ತಿಂಗಳುಗಳಲ್ಲಿ ಹೊಸ ಪಾಠದ ಒತ್ತಾಯ ಬೇಡ; ಕಲಿತದ್ದು ಉಳಿದರೆ ಅದೇ ದೊಡ್ಡದು. ಕಳೆದುಹೋದ ಮಾತು ನೆಮ್ಮದಿ ಬಂದ ಮೇಲೆ ಎಷ್ಟೋ ಸಲ ಮರಳಿ ಬರುತ್ತದೆ. ಮರಳದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ತಂದೆತಾಯಿಗಳ ಮೇಲೂ ಕರುಣೆ ಬೇಕು. ಸಹನೆಯೆಂಬುದು ಬಾವಿಯ ನೀರು; ಒರತೆಗೆ ಅವಕಾಶ ಕೊಡದೆ ಎತ್ತುತ್ತಲೇ ಇದ್ದರೆ ಕೆಸರು ಬರುತ್ತದೆ. ಗಂಡಹೆಂಡಿರು ಪಾಳಿ ಹಾಕಿಕೊಳ್ಳಲಿ. ಪಾಳಿಯ ಅರ್ಥ ನಮ್ಮವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಗಲಿಡೀ ಮಗುವನ್ನು ನೋಡಿಕೊಂಡವಳು ಪಾಳಿ ಮುಗಿಸಿದವಳೇ. ಗಂಡ ಮನೆಗೆ ಬಂದ ಮೇಲೆ ಒಂದು ಗಂಟೆ ಅವಳಿಗೆ ಬಿಡುವು ಸಿಗಲಿ. ಕೋಪ ಉಕ್ಕಿ ಬಂದಾಗ ಮಗುವನ್ನು ಸುರಕ್ಷಿತವಾಗಿ ಕೂರಿಸಿ ಬಾಗಿಲಾಚೆ ಹೋಗಿ ಎರಡು ನಿಮಿಷ ನಿಲ್ಲುವುದು ದೌರ್ಬಲ್ಯವಲ್ಲ. ಜೀವವೇ ಬೇಡವೆನಿಸುವಷ್ಟು ಭಾರವಾದರೆ 14416 ಎಂಬ ಟೆಲಿ ಮಾನಸ್ ನಂಬರಿಗೆ ಫೋನು ಮಾಡಬಹುದು. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಈ ಸೇವೆಗೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು.

ನಮ್ಮಲ್ಲಿ ಎಷ್ಟೋ ಜನರ ಸಂಸಾರ ಊರಿನಲ್ಲಿ, ದುಡಿಮೆ ಇಲ್ಲಿ. ಮಗುವಿನ ಎಲ್ಲ ಭಾರ ಅಲ್ಲಿ ಒಬ್ಬಳ ಹೆಗಲ ಮೇಲೆ. ಅಂಥ ತಂದೆಯಂದಿರಿಗೆ ಒಂದು ಮಾತು. ತಿಂಗಳಿಗೊಮ್ಮೆ ಹಣ ಕಳಿಸಿದರೆ ಅರ್ಧ ಕರ್ತವ್ಯ ಮಾತ್ರ ಮುಗಿಯುತ್ತದೆ. ದಿನವೂ ಒಂದೇ ಹೊತ್ತಿಗೆ ಫೋನಿನಲ್ಲಿ ಮುಖ ತೋರಿಸಿ; ಮಗು ತಿರುಗಿ ನೋಡದಿದ್ದರೂ ತೋರಿಸಿ. ಹೆಂಡತಿಯನ್ನು, ಮಗು ಏನು ಕಲಿತಿದೆ ಎಂದು ಕೇಳುವ ಮೊದಲು, ನಿನ್ನೆ ನಿದ್ದೆ ಬಂತೇ ಎಂದು ಕೇಳಿ. ಊರಿನ ಹಿರಿಯರು ಅವಳ ಮೇಲೆ ಮಾತು ಹೊರಿಸಿದರೆ ಅವಳ ಪರವಾಗಿ ಇಲ್ಲಿಂದಲೇ ನಿಲ್ಲಿ. ಮನೆಯಲ್ಲಿ ಬೇರೆ ಮಕ್ಕಳಿದ್ದರೆ ಅವರನ್ನೂ ಮರೆಯಬಾರದು. ತಮ್ಮನನ್ನು ನೋಡಿಕೊಳ್ಳುವುದೇ ಅಕ್ಕನ ಬಾಲ್ಯವಾಗಿಬಿಡಬಾರದು.

ಹಕ್ಕು ಮತ್ತು ದಾರಿ

ಕರುಣೆಯಿಂದ ಹೊಟ್ಟೆ ತುಂಬುವುದಿಲ್ಲ. ಆದುದರಿಂದ ಕಾನೂನಿನ ಮಾತನ್ನೂ ಹೇಳುತ್ತೇವೆ.

ಒಂದು ವರ್ಷ ತುಂಬಿದರೂ ತೊದಲದ, ಹೆಸರಿಗೆ ತಿರುಗದ, ಬೆರಳು ತೋರಿಸದ ಮಗುವನ್ನು, ಎರಡು ವರ್ಷಕ್ಕೆ ಎರಡು ಶಬ್ದ ಕೂಡಿಸದ ಮಗುವನ್ನು, ಬಂದ ಮಾತನ್ನು ಕಳೆದುಕೊಂಡ ಮಗುವನ್ನು ಕಾಯದೆ ವೈದ್ಯರಿಗೆ ತೋರಿಸಬೇಕು. ಮೊದಲು ಕಿವಿಯ ಪರೀಕ್ಷೆಯಾಗಲಿ. ಮುಂಬಯಿಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆಯಿದೆ; ಕೆ.ಇ.ಎಂ., ಸಾಯನ್, ನಾಯರ್ ಮುಂತಾದ ಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಹೈದರಾಬಾದಿನವರಿಗೆ ಸಿಕಂದರಾಬಾದಿನ ರಾಷ್ಟ್ರೀಯ ಬೌದ್ಧಿಕ ವಿಕಲಚೇತನರ ಸಂಸ್ಥೆ, ಚೆನ್ನೈಯವರಿಗೆ ಮುಟ್ಟುಕಾಡಿನ ರಾಷ್ಟ್ರೀಯ ಸಂಸ್ಥೆ ಹತ್ತಿರ. ಊರಿಗೆ ಹೋದವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನೋ ಬೆಂಗಳೂರಿನ ನಿಮ್ಹಾನ್ಸನ್ನೋ ಕಾಣಬಹುದು. ಅಲ್ಲಿ ಕನ್ನಡದಲ್ಲಿಯೇ ಕಷ್ಟ ಹೇಳಿಕೊಳ್ಳಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯಿದೆ 21 ಬಗೆಯ ವಿಕಲತೆಗಳನ್ನು ಹೆಸರಿಸಿದೆ. ಆಟಿಸಂ, ಬೌದ್ಧಿಕ ವಿಕಲತೆ, ಕಲಿಕೆಯ ನಿರ್ದಿಷ್ಟ ತೊಂದರೆ ಮೂರೂ ಅದರಲ್ಲಿವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಪರೀಕ್ಷೆಗಳಲ್ಲಿ ಗಂಟೆಗೆ 20 ನಿಮಿಷ ಹೆಚ್ಚಿನ ಕಾಲ, ಬರೆಯುವವರ ನೆರವು ಕೇಳಬಹುದು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮನಸ್ಸಿಗೆ ಹಿಂಸೆ ಕೊಡುವುದನ್ನೂ 2009ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಿದೆ.

1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಕೆಳಗೆ ನಿರಾಮಯ ಎಂಬ ಆರೋಗ್ಯ ವಿಮೆಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಅದು ದೊರೆಯುತ್ತದೆ; ಮಾತಿನ ತರಬೇತಿಯಂಥ ಚಿಕಿತ್ಸೆಯೂ ಸೇರಿದೆ. ಮಗುವಿಗೆ 18 ತುಂಬಿದ ಮೇಲೆ ಬ್ಯಾಂಕು, ಆಸ್ತಿ ಮುಂತಾದವುಗಳಿಗೆ ಪಾಲಕರ ನೇಮಕವನ್ನು ಇದೇ ಕಾಯಿದೆಯ ಸ್ಥಳೀಯ ಸಮಿತಿಯಿಂದ ಪಡೆಯಬೇಕಾಗುತ್ತದೆ.

ದುಡಿಯುವವರು ವಿಶೇಷವಾಗಿ ತಿಳಿಯಬೇಕಾದುವು ಇನ್ನೆರಡು. ಇ.ಎಸ್.ಐ. ವ್ಯವಸ್ಥೆಯಲ್ಲಿ ಮಕ್ಕಳ ಚಿಕಿತ್ಸೆಗೆ ವಯಸ್ಸಿನ ಮಿತಿಯಿದ್ದರೂ, ದೇಹ ಅಥವಾ ಮನಸ್ಸಿನ ವಿಕಲತೆಯಿಂದ ಪೂರ್ತಿಯಾಗಿ ತಂದೆ ಅಥವಾ ತಾಯಿಯ ದುಡಿಮೆಯನ್ನೇ ನಂಬಿರುವ ಮಗು, ಆ ವಿಕಲತೆ ಇರುವಷ್ಟು ಕಾಲವೂ ಕುಟುಂಬದ ಸದಸ್ಯನೇ. ಎರಡನೆಯದು, 1995ರ ನೌಕರರ ಪಿಂಚಣಿ ಯೋಜನೆ. ಸದಸ್ಯ ತೀರಿಕೊಂಡರೆ ಶಾಶ್ವತ ಹಾಗೂ ಪೂರ್ಣ ವಿಕಲತೆಯುಳ್ಳ ಮಗ ಅಥವಾ ಮಗಳಿಗೆ ವಯಸ್ಸಿನ ಮಿತಿಯಿಲ್ಲದೆ ಪಿಂಚಣಿ ಸಲ್ಲುತ್ತದೆ. ನಮ್ಮ ನಂತರ ಈ ಮಗುವಿಗೆ ಯಾರು ಎಂದು ನಡುರಾತ್ರಿ ಎದ್ದು ಕೂರುವ ತಂದೆತಾಯಿಗಳಿಗೆ ಇದು ಸಣ್ಣ ಆಸರೆಯಲ್ಲ. ಆದರೆ ಮಾಲೀಕರು ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರನ್ನೇ ಬರೆಯದಿದ್ದರೆ ಈ ಎರಡೂ ಇಲ್ಲ. ಹೆಸರು ಬರೆಸುವ ನಮ್ಮ ಹಳೆಯ ಹೋರಾಟ ಈ ಮಕ್ಕಳ ಹೋರಾಟವೂ ಹೌದೆಂಬುದನ್ನು ಮರೆಯದಿರಿ.

ಸಂಘ ಮಾಡಬೇಕಾದುದು

ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ಈ ಮಹಾನಗರದಲ್ಲಿ ಕನ್ನಡಿಗರ ಸಂಘಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದವು. ಯಾರೂ ಓದಿಸದ ಮಕ್ಕಳನ್ನು ನಾವೇ ಓದಿಸಬೇಕೆಂದು ಆ ಹಿರಿಯರು ಹೊರಟರು. ಅದೇ ದಾರಿಯಲ್ಲಿ ನಾಲ್ಕು ಸೂಚನೆಗಳನ್ನು ಈ ಸಭೆಯ ಮುಂದಿಡುತ್ತೇವೆ.

ಒಂದು, ತಿಂಗಳಿಗೊಂದು ಭಾನುವಾರ ಸಂಘದ ಕೋಣೆಯನ್ನು ಈ ಮಕ್ಕಳ ತಂದೆತಾಯಿಗಳಿಗೆ ಬಿಟ್ಟುಕೊಡುವುದು. ಯಾರ ಉಪನ್ಯಾಸವೂ ಬೇಡ; ಒಬ್ಬರ ಕಷ್ಟ ಇನ್ನೊಬ್ಬರು ಕೇಳಿದರೆ ಸಾಕು. ಎರಡು, ಪ್ರಮಾಣಪತ್ರ, ನಿರಾಮಯ, ಇ.ಎಸ್.ಐ. ಇವುಗಳ ಅರ್ಜಿ ತುಂಬಿಕೊಡಲು ಓದುಬರಹ ಬಲ್ಲ ಇಬ್ಬರು ಯುವಕರನ್ನು ಗೊತ್ತುಮಾಡುವುದು. ಮೂರು, ಭಾಷೆ ಬಾರದ ತಾಯಿಯೊಂದಿಗೆ ಆಸ್ಪತ್ರೆಗೆ ಹೋಗಿಬರಲು ಒಬ್ಬರನ್ನು ಕಳಿಸುವುದು. ನಾಲ್ಕು, ಇಂಥ ಮಗುವಿರುವ ಕೆಲಸಗಾರನಿಗೆ ಆಸ್ಪತ್ರೆಯ ದಿನ ಪಾಳಿ ಬದಲಿಸಿಕೊಡುವಂತೆ ಮಾಲೀಕರೊಡನೆ ಸಂಘವೇ ಮಾತನಾಡುವುದು. ಜೊತೆಯ ಕೆಲಸಗಾರರು ಆ ಪಾಳಿಯನ್ನು ಹಂಚಿಕೊಂಡರೆ ಮಾಲೀಕರಿಗೂ ನಷ್ಟವಿಲ್ಲ.

ಐದನೆಯದನ್ನು ಸಂಘ ಮಾಡಲಾರದು, ಚಾಳು ಮಾಡಬೇಕು. ಪಕ್ಕದ ಖೋಲಿಯಲ್ಲಿ ಮಗು ಕಿರುಚಿದಾಗ ಗೋಡೆಗೆ ಬಡಿಯಬೇಡಿ. ಸಾಧ್ಯವಾದರೆ ಬಾಗಿಲು ತಟ್ಟಿ, "ಅಕ್ಕಾ, ಏನಾದರೂ ಬೇಕೇ?" ಎಂದು ಕೇಳಿ. ನಿಮ್ಮ ಮಕ್ಕಳ ಹುಟ್ಟುಹಬ್ಬಕ್ಕೆ ಆ ಮಗುವನ್ನೂ ಕರೆಯಿರಿ. ಅದು ಐದೇ ನಿಮಿಷ ನಿಂತು ಹೊರಟುಹೋದರೂ ಬೇಸರಿಸಬೇಡಿ. ವರ್ಷಗಟ್ಟಲೆ ಯಾರ ಮನೆಗೂ ಕರೆಸಿಕೊಳ್ಳದ ತಾಯಿಗೆ ಆ ಒಂದು ಕರೆ ಎಷ್ಟು ದೊಡ್ಡದೆಂಬುದು ಆಕೆಗೇ ಗೊತ್ತು.

ಈ ಸೂಚನೆಗಳನ್ನು ಚರ್ಚಿಸಿ, ತಿದ್ದಬೇಕಾದಲ್ಲಿ ತಿದ್ದಿ, ಮುಂದಿನ ಸಭೆಗೆ ಮೊದಲೇ ಕಾರ್ಯಕ್ಕೆ ತರಬೇಕೆಂದು ಅಧ್ಯಕ್ಷರನ್ನು ಪ್ರಾರ್ಥಿಸುತ್ತೇವೆ.